ನಮಗೇನೂ ಬೇಡ

"ಅಲ್ಲ ಅತ್ತೆ, ಲಿಫ್ಟು ಎರಡು ಮಹಡಿ ನಡುವೆ ನಿಂತುಬಿಟ್ಟಿದೆ, ಒಳಗೆ ನೀವೊಬ್ಬರೇ ಇದ್ದೀರಿ, ಆ ಗೋಡೆ ಡಬ್ಬಿಯೊಳಗಿನ ಹೆಂಗಸು ಪಾಪ 'ಏನಾದರೂ ಸಹಾಯ ಬೇಕಾ' ಅಂತ ಕೇಳಿದ್ದಾಳೆ. ನೀವು ಬೇಡ ಅಂದ್ರಾ?"

ಸೊಸೆ ಸೌಟು ಎತ್ತಿ ಹಿಡಿದವಳು ಹಾಗೇ ನಿಂತಿದ್ದಳು. ಸೌಟಿನ ತುದಿಯಿಂದ ಬೆಂದ ಬೇಳೆ ಒಲೆಯ ಮೇಲೆ ತೊಟ್ಟಿಕ್ಕಿ ಚುರ್ ಅನ್ನುತ್ತಿತ್ತು.

"ಒರಟಾಗಿ ಅನ್ನಲಿಲ್ಲಮ್ಮ," ಅಂದಳು ಅಜ್ಜಿ. "ಮರ್ಯಾದೆಯಿಂದಲೇ ಅಂದೆ. 'ತುಂಬ ಉಪಕಾರವಾಯಿತು, ನಮಗೇನೂ ಬೇಡ' ಅಂತ."

"ಆಮೇಲೆ?"

"ಆಮೇಲೆ ಅವಳು ಸುಮ್ಮನಾದಳು. ರಿಪೇರಿಯವನು ಬಂದು ಬಾಗಿಲು ತೆಗೆಯೋವರೆಗೆ ನಾನು ಈರುಳ್ಳಿ ಚೀಲದ ಮೇಲೆ ಕೂತುಕೊಂಡು ಹುರುಳಿಕಾಯಿ ನಾರು ತೆಗೆದೆ. ನೋಡು, ಒಂದೂ ಬಾಕಿಯಿಲ್ಲ."

ಒಂದೂ ಬಾಕಿಯಿರಲಿಲ್ಲ, ನಿಜ. ಸಾಸಿವೆ ನೆಲದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು. ಸಾಸಿವೆ ಅಂದರೆ ಕಿರಿಯ ಮೊಮ್ಮಗಳು. ಗಾತ್ರವೂ ಸಾಸಿವೆಯದೇ, ಸಿಡಿಯುವ ಗುಣವೂ ಸಾಸಿವೆಯದೇ ಎಂದು ಅಜ್ಜಿಯೇ ಇಟ್ಟ ಹೆಸರು. ಹಿರಿಯವಳನ್ನು ಮಾತ್ರ ಎಲ್ಲರೂ ದೊಡ್ಡವಳು ಅಂತಲೇ ಕರೆಯುವುದು. ಅವಳು ಮನೆಯಲ್ಲಿರಲಿಲ್ಲ. ಲಿಫ್ಟಿನ ಬಾಗಿಲಲ್ಲಿ ರಿಪೇರಿಯವನ ಪಕ್ಕ ಕುಕ್ಕರಗಾಲಲ್ಲಿ ಕೂತು ಅವನಿಗೆ ಟಾರ್ಚು ಹಿಡಿದಿದ್ದಳು.

ಆ ವಾಕ್ಯವನ್ನು ಅಜ್ಜಿಗೆ ಕಲಿಸಿದ್ದೇ ಈ ದೊಡ್ಡವಳು. ಈ ಊರಿಗೆ ಬಂದ ಹೊಸದರಲ್ಲಿ ಹಾಸಿಗೆ ಮಾರುವವರು, ವಿಮೆ ಮಾಡಿಸುವವರು, ದೇವರ ಪುಸ್ತಕ ಹಂಚುವವರು ಬಾಗಿಲು ಬಡಿದಾಗ ಅಜ್ಜಿ ಕಂಗಾಲಾಗಿ ಕದದ ಹಿಂದೆ ಅಡಗುತ್ತಿದ್ದಳು. "ಅಜ್ಜಿ, ಇದೊಂದು ಬಾಯಿಪಾಠ ಮಾಡಿಕೋ, ನಿನಗೆ ಜನ್ಮಕ್ಕೆ ಸಾಕು" ಅಂತ ಮೊಮ್ಮಗಳು ಇಲ್ಲಿನ ಭಾಷೆಯಲ್ಲಿ ಅದನ್ನು ಹೇಳಿಕೊಟ್ಟಳು. ಅಜ್ಜಿಗೆ ಅದು ಹಾಲು ಕುಡಿದಷ್ಟು ಸಲೀಸಾಗಿ ಬಂತು. ಯಾಕೆಂದರೆ ಅದು ಅವಳ ಹಳೆಯ ಅಭ್ಯಾಸವೇ, ಭಾಷೆ ಮಾತ್ರ ಹೊಸದು. ಊರು ಸುಟ್ಟುಹೋದ ಮೇಲೆ ಗಡಿಯಾಚೆ ಡೇರೆಗಳಲ್ಲಿ ಕಳೆದ ವರ್ಷಗಳಲ್ಲಿ ಅವರೆಲ್ಲ ಕಲಿತದ್ದು ಅದನ್ನೇ. ಅಲ್ಲಿ ಗಂಜಿ ಹಾಕುವವನ ಮುಂದೆ ತಟ್ಟೆಯನ್ನು ಎರಡನೆಯ ಸಲ ಚಾಚಿದವರನ್ನು ಸಾಲಿನ ತುದಿಗೆ ಕಳಿಸುತ್ತಿದ್ದರು. ಕಂಬಳಿ ತೆಳ್ಳಗಿದೆ ಅಂದವರ ಕೈಯಿಂದ ಕಂಬಳಿಯೇ ಹೋಗುತ್ತಿತ್ತು. ಯಾರು ಏನು ಕೇಳಿದರೂ ಎಲ್ಲ ಚೆನ್ನಾಗಿದೆ, ಏನೂ ಬೇಡ ಅಂದವರು ಮಾತ್ರ ನೆಮ್ಮದಿಯಾಗಿದ್ದರು. ಆ ಮಾತು ಅವರ ಜೊತೆಗೇ ಈ ಐದನೆಯ ಮಹಡಿಯ ಮನೆಯವರೆಗೂ ಬಂದಿತ್ತು.

ಬಾಗಿಲಲ್ಲಿ ಟಕ್ ಟಕ್, ಸ್ವಲ್ಪ ತಡೆದು ಮತ್ತೊಂದು ಟಕ್. ದೊಡ್ಡವಳು ಬಾಗಿಲು ಬಡಿಯುವ ರೀತಿಯೇ ಅದು. ಡೇರೆಯಲ್ಲಿದ್ದಾಗ ನಮ್ಮವರು ಬಂದರು ಅಂತ ತಿಳಿಯಲಿ ಎಂದು ಕಂಬಕ್ಕೆ ಹಾಗೆ ಬಡಿಯುತ್ತಿದ್ದಳು. ಈಗ ಬೀಗದಕೈ ಜೇಬಿನಲ್ಲಿದ್ದರೂ ಅವಳು ಬಡಿದೇ ಬರುವುದು.

"ಸೋಡಾ ಬಾಟಲಿ ಮುಚ್ಚಳ!" ಎಂದು ಬೆರಳ ತುದಿಯಲ್ಲಿ ಹಿಡಿದು ತೋರಿಸಿದಳು. ಮೂಗಿನ ಮೇಲೆ ಗ್ರೀಸು. "ಮೂರನೇ ಮಹಡಿ ಬಾಗಿಲ ಸಂದಿನಲ್ಲಿ ಇದು ಸಿಕ್ಕಿಕೊಂಡಿತ್ತು. ಬಾಗಿಲು ಕೂದಲೆಳೆಯಷ್ಟು ತೆರೆದಿದ್ರೂ ಲಿಫ್ಟಿಗೆ ಗೊತ್ತಾಗುತ್ತಂತೆ, ಎಲ್ಲಿದೆಯೋ ಅಲ್ಲೇ ನಿಂತುಬಿಡುತ್ತಂತೆ. ಮೊದಲು ಕಂಡಿದ್ದು ನನಗೇ ಅಮ್ಮ! ಮೇಷ್ಟ್ರು ಹೇಳಿದ್ರು..."

"ಯಾವ ಮೇಷ್ಟ್ರೇ?"

"ರಿಪೇರಿಯವರೇ ಅಮ್ಮ. ಕಾಲೇಜಲ್ಲಿ ಪಾಠವನ್ನೂ ಮಾಡ್ತಾರಂತೆ. ಈ ವರ್ಷದಿಂದ ಹೊರಗಿನಿಂದ ಬಂದ ನಮ್ಮಂಥವರಿಗೇ ಅಂತ ಸೀಟು ಇಟ್ಟಿದ್ದಾರಂತೆ. ಹಳೇ ಶಾಲೆ ಸರ್ಟಿಫಿಕೇಟು ಸುಟ್ಟುಹೋಗಿದ್ರೂ ಪರವಾಗಿಲ್ಲ, ಇಲ್ಲಿನ ಪರೀಕ್ಷೆ ಪಾಸಾಗದಿದ್ರೂ ಪರವಾಗಿಲ್ಲ. ಕೈಯಿಂದ ಕೆಲಸ ಮಾಡಿಸಿ ನೋಡ್ತಾರೆ. ಜೊತೆಗೇ ಭಾಷೆ ಪಾಠ. ಕಲಿತು ಮುಗಿಸೋ ಹೊತ್ತಿಗೆ ಕೆಲಸ."

"ಕೈ ತೊಳೆದು ಬಾ, ಊಟಕ್ಕೆ," ಅಂದಳು ಸೊಸೆ. ಗಂಡ ಮನೆಯಲ್ಲಿದ್ದಾಗ ಈ ಮಾತು ಎತ್ತಿದರೆ ಏನಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು.

ಗಂಡ, ಅಂದರೆ ಅಜ್ಜಿಯ ಮಗ, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದ. ಮಧ್ಯಾಹ್ನದಿಂದ ಒಂಬತ್ತರವರೆಗೆ ಪಾಳಿ. ಹಬೆಯಲ್ಲಿ ಬೆಂದು ಬೆಂದು ಅವನ ಕೈಬೆರಳು ಸದಾ ಸ್ನಾನ ಮುಗಿಸಿ ಬಂದಂತೆ ಸುಕ್ಕುಗಟ್ಟಿರುತ್ತಿದ್ದವು. ಆ ವಾರ ಅವನಿಗೆ ರಜೆಯಿದ್ದ ದಿನ ಎಲ್ಲರೂ ಊಟಕ್ಕೆ ಕೂತಾಗ ವಿಷಯ ಬಂದೇಬಂತು.

"ಲಿಫ್ಟು ರಿಪೇರಿ?" ಅವನು ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದ. "ಅಷ್ಟೆಲ್ಲ ದಾಟಿ ಬಂದಿದ್ದು ನನ್ನ ಮಗಳು ಗುಂಡಿಗೆ ಇಳಿದು ಗ್ರೀಸು ಬಳಿದುಕೊಳ್ಳಲಿ ಅಂತಾನಾ?"

"ಗುಂಡಿಗೂ ಇಳೀಬೇಕು, ಮೇಲಕ್ಕೂ ಹತ್ತಬೇಕು ಅಪ್ಪ. ಲಿಫ್ಟು ಅಂದ್ರೆ ಎರಡೂ ಇರುತ್ತೆ."

"ಬಾಯಿ ನೋಡು ಇವಳದು!"

"ಈ ಬಾಯಿಯಿಂದಲೇ ತಾನೇ ಈ ಮನೆ ನಡೀತಿರೋದು?"

"ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕೂತಿರ್ತಾರಲ್ಲ, ಇಸ್ತ್ರಿ ಅಂಗಿ ಹಾಕ್ಕೊಂಡು, ಹಾಗೆ ಕೂರಬೇಕು ನೀನು. ಒಂದು ಗೌರವ ಬೇಡವಾ?"

"ಗಾಜಿನ ಹಿಂದೆ ಕೂರೋಕೆ ಶಾಲೆ ಕೊನೇ ಪರೀಕ್ಷೆ ಪಾಸಾಗಿರಬೇಕು. ಆ ಪರೀಕ್ಷೆ ದಿನ ನಾನೆಲ್ಲಿದ್ದೆ, ಹೇಳು."

ಸಾಸಿವೆ ಕೂಡ ತಟ್ಟೆ ನೋಡಿದಳು. ಅವತ್ತು ಅಜ್ಜಿಯ ಕಣ್ಣಿನ ಪೊರೆ ತೆಗೆಸುವ ದಿನ. ಡಾಕ್ಟರು ಹೇಳಿದ್ದನ್ನು ಅಜ್ಜಿಗೆ, ಅಜ್ಜಿ ಹೇಳಿದ್ದನ್ನು ಡಾಕ್ಟರಿಗೆ ದಾಟಿಸುತ್ತ ದೊಡ್ಡವಳು ಆಸ್ಪತ್ರೆಯಲ್ಲಿ ನಿಂತಿದ್ದಳು. ಅದೊಂದೇ ದಿನವಾಗಿದ್ದರೆ ಮಾತು ಬೇರೆ. ಅಪ್ಪನ ಕೆಲಸದ ಕಾಗದ, ಅಮ್ಮನ ಹೊಟ್ಟೆನೋವು, ಮನೆ ಮಾಲೀಕನ ತಗಾದೆ, ಎಲ್ಲದಕ್ಕೂ ಅವಳನ್ನೇ ತರಗತಿಯಿಂದ ಎಬ್ಬಿಸಿ ಕರೆದೊಯ್ಯುತ್ತಿದ್ದರು. ಈಗ ಅವಳು ದಿನಸಿ ಅಂಗಡಿಯೊಂದರಲ್ಲಿ ಡಬ್ಬಿ ಜೋಡಿಸುತ್ತಿದ್ದಳು.

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ಏನಾದರೂ ಒಳ್ಳೆಯದು ಹೇಳಬೇಕು ಅನ್ನಿಸಿತು, ಬಾಯಿಗೆ ಬಂದದ್ದು ಬೇರೆ. "ಬೇಡ ಕಣೇ ಮರಿ. ಆ ಗುಂಡಿ ನಾನು ನೋಡಿದ್ದೀನಿ. ಕತ್ತಲೆ ಅಂದ್ರೆ ಕತ್ತಲೆ. ಮೇಲಿಂದ ಅದು ಬಂದು ಕೂತರೆ ಏನು ಗತಿ?"

"ಅಜ್ಜಿ, ನೀನೂನಾ?" ಅಂದಳು ದೊಡ್ಡವಳು.

ಆದರೂ ಅವಳು ಹೋದಳು. ಕಾಲೇಜಿನಲ್ಲಿ ಒಂದು ಹಳೆಯ ಬಾಗಿಲ ಬೀಗ ಕೊಟ್ಟು, ಬಿಚ್ಚಿ ಮತ್ತೆ ಜೋಡಿಸು ಅಂದರಂತೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಕ್ಕಿತಂತೆ. "ಇದು ನನ್ನದಲ್ಲ, ಮೊದಲೇ ಒಳಗೆ ಸುಮ್ಮನೆ ಬಿದ್ದಿತ್ತು" ಎಂದು ಇವಳು ವಾದಿಸಿದಳಂತೆ, ನೋಡಿದರೆ ಅದು ನಿಜವೇ ಆಗಿತ್ತಂತೆ. ಇದನ್ನೆಲ್ಲ ಅಡಿಗೆಮನೆಯಲ್ಲಿ ಅಭಿನಯಿಸಿ ತೋರಿಸಿದಳು. ಸೊಸೆ ನಕ್ಕಳು. ಅಜ್ಜಿಯೂ ನಕ್ಕಳು. ಮಗ ಮಾತ್ರ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಅದಾಗಿ ಕೆಲವು ದಿನಕ್ಕೆ ಬೆಳಿಗ್ಗೆ ಮನೆಯ ಫೋನು ರಿಂಗಾಯಿತು. ಅದು ಇರುವುದೇ ಅಡಿಗೆಮನೆಯ ಕಿಟಕಿಯಲ್ಲಿ, ಬೇರೆಲ್ಲೂ ಸಿಗ್ನಲ್ಲು ಸಿಗುವುದಿಲ್ಲ. ಮಗ ಇನ್ನೂ ಮಲಗಿದ್ದ, ಸೊಸೆ ಶಾಲೆಯ ಕ್ಯಾಂಟೀನಿಗೆ ಪಾತ್ರೆ ತೊಳೆಯಲು ಹೋಗಿದ್ದಳು. ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದಳು. ಸಕ್ಕರೆಯಂಥ ಹೆಂಗಸಿನ ದನಿ. ಉದ್ದವಾಗಿ ಏನೋ ಹೇಳಿತು, ಕೊನೆಯಲ್ಲಿ 'ಬೇಕಾ' ಅಂತ ಕೇಳಿತು. ಅಷ್ಟು ಅಜ್ಜಿಗೆ ಗೊತ್ತಾಗುತ್ತಿತ್ತು. ಹಾಸಿಗೆಯವಳು ಅಂದುಕೊಂಡಳು.

"ತುಂಬ ಉಪಕಾರವಾಯಿತು, ನಮಗೇನೂ ಬೇಡ."

ದನಿ ಮತ್ತೆ ಕೇಳಿತು, ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಸಿಹಿಯಾಗಿ. ಅಜ್ಜಿಗೆ ಪಾಪ ಅನ್ನಿಸಿತು, ಹೊಟ್ಟೆಪಾಡಿಗೆ ಎಷ್ಟು ಮನೆಗೆ ಫೋನು ಮಾಡಬೇಕೋ ಏನೋ. ತಾನೂ ಅಷ್ಟೇ ಸಿಹಿಯಾಗಿ ಇನ್ನೊಮ್ಮೆ ಅದನ್ನೇ ಹೇಳಿ ಫೋನಿಟ್ಟಳು. ಹಾಲು ಉಕ್ಕುವುದರೊಳಗೆ ಒಲೆ ಆರಿಸಿದ ಸಂತೋಷದಲ್ಲಿ ಅದನ್ನು ಮರೆತೂಬಿಟ್ಟಳು.

ಸಂಜೆ ಟಕ್ ಟಕ್ ಕೇಳಿಸಲಿಲ್ಲ. ಬೀಗದಕೈ ತಿರುಗಿದ ಸದ್ದು. ದೊಡ್ಡವಳು ಒಳಗೆ ಬಂದು ಚಪ್ಪಲಿ ಬಿಡದೆ ನಿಂತಳು.

"ಇವತ್ತು ಫೋನು ಯಾರು ತಗೊಂಡಿದ್ದು?"

"ನಾನೇ ಕಣೇ. ಯಾರೋ ಹಾಸಿಗೆ..."

"ಹಾಸಿಗೆ ಅಲ್ಲ ಅಜ್ಜಿ. ಕಾಲೇಜು." ಅವಳ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಸೀಟು ಸಿಕ್ಕಿದೆ, ಬೇಕಾ ಅಂತ ಕೇಳೋಕೆ ಮಾಡಿದ್ರು. ಅಂಗಡಿಯಲ್ಲಿ ನನ್ನ ಫೋನು ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಕು, ಅದಕ್ಕೇ ಮನೆಯದಕ್ಕೆ ಮಾಡಿದ್ದಾರೆ. ಮನೆಯವರು ಬೇಡ ಅಂದಿದ್ದರಿಂದ ಮುಂದಿನವರಿಗೆ ಕೊಟ್ಟಿದ್ದೇವೆ, ನಿಮಗೆ ಒಳ್ಳೆಯದಾಗಲಿ ಅಂತ ಮೆಸೇಜು ಕಳಿಸಿದ್ದಾರೆ."

ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಬೇಕಂತಲೇ ಅಂದೆಯಾ?" ಮೊಮ್ಮಗಳು ಕೇಳಿದಳು. "ಆವತ್ತೂ ಬೇಡ ಅಂದಿದ್ದೆ."

"ಅಯ್ಯೋ, ನನ್ನ ಕಣ್ಣಾಣೆ ಇಲ್ಲ ಕಣೇ! ಆ ಮಾತು ನನಗೆ ಕಲಿಸಿದವಳೇ ನೀನಲ್ಲವೇನೇ? ನನಗೆ ಬರೋದೇ ಅದೊಂದು!"

"ಹೌದು. ಕಲಿಸಿದ ನನ್ನದೇ ತಪ್ಪು," ಅಂತ ಹೇಳಿ ಅವಳು ಒಳಕೋಣೆಗೆ ಹೋದಳು.

"ನಾಳೆ ಹೋಗಿ ಕೇಳೇ," ಎಂದು ಸೊಸೆ ಬಾಗಿಲ ಬಳಿ ನಿಂತು ಹೇಳಿದಳು.

ಒಳಗಿಂದ ಉತ್ತರ ಬಂತು. "ಬೇಡ ಅಂದಾಗಿದೆಯಲ್ಲ. ಈಗ ಮತ್ತೆ ಹೋಗಿ ಕೈ ಚಾಚಲಾ? ಸಾಲಿನ ತುದಿಗೆ ಕಳಿಸ್ತಾರೆ ಅಷ್ಟೆ."

ಅವಳು ಮುನಿಸಿಕೊಂಡು ಕೂಗಾಡಿದ್ದರೆ ಅಜ್ಜಿಗೆ ಹಗುರವಾಗುತ್ತಿತ್ತು. ದೊಡ್ಡವಳು ಕೂಗಾಡಲಿಲ್ಲ. ಹೇಳಿದ ಕೆಲಸವೆಲ್ಲ ಮಾಡಿದಳು. ಮಂಡಿನೋವಿನ ಡಾಕ್ಟರ ಹತ್ತಿರ ಅಜ್ಜಿಯನ್ನು ಎಂದಿನಂತೆ ಕರೆದುಕೊಂಡು ಹೋದಳು. ಮೊದಲಾದರೆ ಡಾಕ್ಟರು ಒಂದು ಮಾತು ಆಡಿದರೆ ಇವಳು ಅದಕ್ಕೆ ನಾಲ್ಕು ಸೇರಿಸಿ, "ನಿನ್ನ ಮಂಡಿ ನಿನಗಿಂತ ಹಟಮಾರಿ ಅಂತಿದ್ದಾರೆ ಅಜ್ಜಿ" ಎಂದು ನಗಿಸುತ್ತಿದ್ದಳು. ಈ ಸಲ ಡಾಕ್ಟರು ಎಷ್ಟೋ ಹೊತ್ತು ಮಾತಾಡಿದರು. ಮೊಮ್ಮಗಳು, "ಉಪ್ಪು ಕಡಿಮೆ. ನಡೀಬೇಕು" ಅಂದಳು, ಎದ್ದಳು. ದಾರಿಯುದ್ದಕ್ಕೂ ಅಜ್ಜಿಯ ಕೈ ಹಿಡಿದೇ ಇದ್ದಳು, ಮಾತು ಮಾತ್ರ ಇಲ್ಲ. ಮನೆ ಬಾಗಿಲನ್ನು ಬೀಗದಕೈಯಿಂದ ತೆಗೆಯುತ್ತಿದ್ದಳು.

ಮಗನ ರಜೆಯ ದಿನ ಮತ್ತೆ ಬಂತು. ಮೊಟ್ಟೆ, ಆಲೂಗಡ್ಡೆ, ಅನ್ನ. ಊಟದ ನಡುವೆ ಅವನು, "ಹೋಗಿದ್ದು ಹೋಯ್ತು ಬಿಡಿ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು" ಅಂದ.

ಸೊಸೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಅವಳು ಜೋರು ಮಾತಿನವಳಲ್ಲ, ಅದಕ್ಕೇ ಎಲ್ಲರೂ ತಲೆ ಎತ್ತಿದರು.

"ಯಾರಿಗೆ ಒಳ್ಳೇದಾಯ್ತು ರೀ? ನಮಗೆ ಆಯ್ತು. ಅವಳು ಮನೆಯಲ್ಲೇ ಇರ್ತಾಳೆ, ನಮಗೆಲ್ಲ ಬಾಯಿ ಆಗಿ. ನನಗೆ ಹೊಟ್ಟೆಯಲ್ಲಿದ್ದ ಮಗು ಹೋದಾಗ ಡಾಕ್ಟರು ಅದನ್ನ ನನಗೆ ಹೇಳಲಿಲ್ಲ, ಇವಳಿಗೆ ಹೇಳಿದ್ರು. ಇವಳು ನನಗೆ ಹೇಳಿದಳು. ಆಗ ಇವಳಿಗೆ ಹದಿನಾಲ್ಕು. ಅದನ್ನ ಬಾಯಲ್ಲಿ ಹೇಳಿದ ಮಗುವಿಗೆ ಗುಂಡಿಗೆ ಇಳಿಯೋದು ಒಂದು ಹೆದರಿಕೆಯಾ?"

ಮಗ ಎದ್ದು ನೀರಿನ ಜಗ್ಗು ತಂದು, ಯಾರೂ ಕೇಳದಿದ್ದರೂ ಎಲ್ಲರ ಲೋಟಕ್ಕೆ ನೀರು ತುಂಬಿದ. ಹೆಂಡತಿಯ ಲೋಟ ತುಂಬಿಯೇ ಇತ್ತು, ಅದಕ್ಕೂ ಹಾಕಿದ. ನೀರು ಮೇಜಿನ ಮೇಲೆ ಹರಿಯಿತು.

ಮಾರನೆಯ ದಿನ ಸಾಸಿವೆ ಶಾಲೆಯಿಂದ ಬಂದಾಗ ಅಜ್ಜಿ ಆಲೂಗಡ್ಡೆ ಹೆರೆಯುತ್ತ ಕಾದಿದ್ದಳು.

"ಬಾರೇ ಇಲ್ಲಿ. 'ಬೇಕು' ಅನ್ನೋದಕ್ಕೆ ಇಲ್ಲಿಯವರು ಏನಂತಾರೆ?"

ಸಾಸಿವೆ ಹೇಳಿದಳು. ಅಜ್ಜಿ ತಿರುಗಿ ಹೇಳಿದಳು.

"ಹಾಗಲ್ಲಜ್ಜಿ. ನೀನು ಹೇಳಿದ್ರೆ 'ಕ್ಷಮಿಸಿ' ಅಂದಹಾಗೆ ಕೇಳುತ್ತೆ. ತಲೆ ಬಗ್ಗಿಸಬೇಡ. ಮುಖ ನೋಡಿ ಹೇಳು."

"ಯಾರ ಮುಖವೇ?"

"ಸದ್ಯಕ್ಕೆ ನನ್ನದು."

ಸಾಸಿವೆಯಂಥ ಕಟ್ಟುನಿಟ್ಟಿನ ಟೀಚರು ಊರಲ್ಲೇ ಇರಲಿಲ್ಲ. ತಪ್ಪಿದರೆ ಒಂದು ಆಲೂಗಡ್ಡೆ ಹೆರೆಯುವುದು, ಸರಿಯಾದರೆ ಅರ್ಧ ಬಿಸ್ಕತ್ತು. ಆ ವಾರ ಮನೆಯಲ್ಲಿ ದಿನಾ ಆಲೂಗಡ್ಡೆಯೇ ಆಯಿತು.

"ಏನತ್ತೆ ಇದು, ಮತ್ತೆ ಆಲೂಗಡ್ಡೆ?" ಅಂದಳು ಸೊಸೆ.

"ನನ್ನ ಪಾಠ ಇನ್ನೂ ಕಚ್ಚಾ," ಅಂದಳು ಅಜ್ಜಿ.

ಕೆಳಗಿನ ಮಹಡಿಯಲ್ಲಿ ಬಸ್ಸಿನಕ್ಕ ಇದ್ದಳು. ಇವರ ಕಡೆಯವಳೇ, ಇವರಿಗಿಂತ ಎಷ್ಟೋ ಮೊದಲು ಬಂದವಳು. ಅದೇ ಕಾಲೇಜಿನಲ್ಲಿ ಕಲಿತು ಈಗ ಊರ ಬಸ್ಸು ಓಡಿಸುತ್ತಿದ್ದಳು. ಎತ್ತರದ ಆಳು, ಮೆಟ್ಟಿಲಲ್ಲಿ ನಿಂತು ಮಾತಾಡಿದರೂ ಹಿಂದಿನ ಸೀಟಿನವರಿಗೆ ಕೇಳಿಸಬೇಕು ಅನ್ನುವ ದನಿ. ಅಜ್ಜಿ ಅವಳ ಬಾಗಿಲಿಗೆ ಹೋಗಿ ವಿಷಯ ಹೇಳಿದಳು.

"ನೀವೇ ಹೋಗ್ತೀರಾ? ಅಜ್ಜೀ, ನೀವು ತರಕಾರಿ ಅಂಗಡಿ ದಾಟಿ ಆ ಕಡೆ ಹೋದವರಲ್ಲ!"

"ಅದಕ್ಕೇ ನಿನ್ನ ಹತ್ತಿರ ಬಂದೆ. ನೀನು ಕರಕೊಂಡು ಹೋಗು, ಆದರೆ ನೀನು ಮಾತಾಡಬಾರದು. ಬೇಡ ಅಂದ ಬಾಯಿ ನನ್ನದು. ಬೇಕು ಅಂತಲೂ ಅದೇ ಹೇಳಬೇಕು."

"ನಾನು ಮಾತಾಡದೆ ಇರೋದಾ?" ಬಸ್ಸಿನಕ್ಕ ನಕ್ಕಳು. "ನನ್ನ ಗಂಡ ಕೇಳಿದ್ರೆ ನಿಮಗೆ ಹಾರ ಹಾಕ್ತಾನೆ."

ಕಾಲೇಜಿನ ಕಚೇರಿಯಲ್ಲಿ ಜನವಿತ್ತು. ಸಾಲೂ ಇತ್ತು. ಸಾಲು ಕಂಡದ್ದೇ ಅಜ್ಜಿಯ ಕಾಲು ತಾನಾಗಿ ಅದರ ತುದಿಗೆ ಹೋಗಿ ನಿಂತಿತು. ಮುಂದಿದ್ದವರೆಲ್ಲ ಎಳೆಯ ಹುಡುಗ ಹುಡುಗಿಯರು, ನಾನಾ ಕಡೆಯಿಂದ ಬಂದವರು. ತಮ್ಮ ತಮ್ಮ ಭಾಷೆಯಲ್ಲಿ ಪಿಸುಗುಟ್ಟುತ್ತಿದ್ದರು. ಅಜ್ಜಿ ತುಟಿಯೊಳಗೇ ಪಾಠ ಒಪ್ಪಿಸಿಕೊಳ್ಳುತ್ತ ಮುಂದೆ ಸರಿದಳು. ತನ್ನ ಸರದಿ ಬಂತು. ಕೌಂಟರಿನ ಹೆಂಗಸು ತಲೆ ಎತ್ತದೆ, ಸಿಹಿಯಾಗಿ, ಏನು ಬೇಕಿತ್ತು ಎಂದು ಕೇಳಿದಳು.

ಅಜ್ಜಿ ಸೆರಗು ಬಿಗಿಹಿಡಿದು, ಕೌಂಟರಿನ ಮರವನ್ನೇ ನೋಡುತ್ತ, ಸ್ಪಷ್ಟವಾಗಿ ಹೇಳಿದಳು: "ತುಂಬ ಉಪಕಾರವಾಯಿತು, ನಮಗೇನೂ ಬೇಡ."

ಹೇಳಿದ ಮೇಲೆ ತಿಳಿಯಿತು. ಕಿವಿ ಬಿಸಿಯಾಯಿತು. ಹಿಂತಿರುಗಿ ಓಡಿಬಿಡೋಣ ಎಂದು ಹೊರಳಿದಳು. ಬಸ್ಸಿನಕ್ಕ ಎರಡೂ ಭುಜ ಹಿಡಿದು, ದೊಡ್ಡ ತಿರುವಿನಲ್ಲಿ ಬಸ್ಸಿನ ಚಕ್ರ ತಿರುಗಿಸುವ ಹಾಗೆ, ಅಜ್ಜಿಯನ್ನು ಮತ್ತೆ ಕೌಂಟರಿನ ಕಡೆಗೇ ತಿರುಗಿಸಿದಳು.

ಕೌಂಟರಿನ ಹೆಂಗಸು ಪೆನ್ನು ಕೆಳಗಿಟ್ಟಿದ್ದಳು. "ಫೋನಿನ ಅಜ್ಜಿ," ಅಂದಳು. "ಲಿಫ್ಟ್ ತರಗತಿ. ಅಲ್ಲವಾ? ಅಷ್ಟು ಚೆಂದವಾಗಿ ಬೇಡ ಅಂದವರು ಇನ್ನೊಬ್ಬರಿಲ್ಲ. ನಾನು ಇವರಿಗೆಲ್ಲ ಹೇಳಿ ನಕ್ಕಿದ್ದೆ." ಬಸ್ಸಿನಕ್ಕ ಅದನ್ನು ಕಿವಿಯಲ್ಲಿ ಪಿಸುಗುಟ್ಟಿದಳು.

ಅಜ್ಜಿ ತಲೆ ಎತ್ತಿ ಆ ಮುಖವನ್ನು ನೋಡಿದಳು. ಸೊಸೆಯ ವಯಸ್ಸಿನವಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಮೊಮ್ಮಗಳು," ಅಂದಳು ಅಜ್ಜಿ ಇಲ್ಲಿನ ಭಾಷೆಯಲ್ಲಿ. "ಸೀಟು. ಬೇಡ, ನಾನು ಅಂದೆ. ಅವಳು ಅಲ್ಲ. ನಾನು. ಅವಳಿಗೆ ಬೇಕು."

ಹೆಂಗಸು ನಿಟ್ಟುಸಿರಿಟ್ಟಳು. ಆ ಸೀಟು ಹೋಗಿದೆ, ಮುಂದಿನವನು ಬಂದು ಸೇರಿಯೂ ಆಗಿದೆ ಎಂದು ಹೇಳಿದಳು. ಬಸ್ಸಿನಕ್ಕ ಪಿಸುಗುಟ್ಟಿದಳು.

"ಬೇಕು," ಅಂದಳು ಅಜ್ಜಿ.

"ಅಜ್ಜೀ, ಹೋಗಿದೆಯಂತೆ."

"ಕೇಳಿಸಿತು. ಬೇಕು."

ಹಿಂದೆ ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ಹೆಂಗಸು ಅಜ್ಜಿಯನ್ನೂ, ಅಜ್ಜಿಯ ಮಂಡಿಯನ್ನೂ ನೋಡಿ, ಎದ್ದು ತನ್ನ ಪಕ್ಕದ ಕುರ್ಚಿಯನ್ನು ಕೌಂಟರಿನ ಈಚೆಗೆ ತಂದಿಟ್ಟು, ಕೂರಿ ಎಂದು ಕೈಸನ್ನೆ ಮಾಡಿ ಒಳಗೆ ಹೋದಳು. ಬರುವಾಗ ಜೊತೆಗೆ ಲಿಫ್ಟ್ ಮೇಷ್ಟ್ರು ಬಂದರು.

"ಓ, ಬೀನ್ಸ್ ಅಜ್ಜಿ!" ಅಂದರು ಅವರು.

ಸಂಜೆ ಊಟದ ಮೇಜಿನಲ್ಲಿ ಅಜ್ಜಿ ಇದಷ್ಟನ್ನೂ ಒಂದು ಉಸಿರಿಗೆ ಹೇಳಬೇಕೆಂದಿದ್ದಳು. ಆದರೆ ಬಸ್ಸಿನಕ್ಕನಿಗೆ ತಡೆಯಲಾಗಲಿಲ್ಲ. ಮೆಟ್ಟಿಲಲ್ಲೇ ಸೊಸೆಗೆ ಹೇಳಿದಳು, ಸೊಸೆ ಸಾಸಿವೆಗೆ ಹೇಳಿದಳು, ಸಾಸಿವೆ ಅಂಗಡಿಯ ಬಾಗಿಲವರೆಗೂ ಓಡಿ ದೊಡ್ಡವಳಿಗೆ ಹೇಳಿದಳು. ಮಗನೂ ಆ ದಿನ ಪಾಳಿ ಬದಲಿಸಿಕೊಂಡು ಮನೆಯಲ್ಲಿದ್ದ. ಎಲ್ಲರೂ ಕೂತಾಗ ಗೊತ್ತಿಲ್ಲದ್ದು ಯಾರಿಗೂ ಏನೂ ಉಳಿದಿರಲಿಲ್ಲ, ಆದರೂ ಅಜ್ಜಿಯ ಬಾಯಿಂದ ಕೇಳಬೇಕಿತ್ತು.

"ಹಗಲಿನ ಸೀಟು ಹೋಯ್ತಂತೆ," ಅಂದಳು ಅಜ್ಜಿ. "ಸಂಜೆ ತರಗತಿ ಅಂತ ಒಂದಿದೆಯಂತೆ, ಮಕ್ಕಳಿರೋ ಹೆಂಗಸರು, ಕೆಲಸಕ್ಕೆ ಹೋಗೋರು ಎಲ್ಲ ಬರ್ತಾರಂತೆ. ಅದರಲ್ಲಿ ಜಾಗ ಇದೆ. ವಾರಕ್ಕೆರಡು ದಿನ ಬೆಳಿಗ್ಗೆ ಮೇಷ್ಟ್ರ ಜೊತೆ ಕಟ್ಟಡಗಳಿಗೆ ಹೋಗಿ ಕೈಕೆಲಸ ಕಲೀಬೇಕು. ನಾಳೆ ನೀನೇ ಹೋಗಿ ನಿನ್ನ ಬಾಯಲ್ಲೇ ಹೂಂ ಅನ್ನಬೇಕಂತೆ. ನನ್ನ ಬಾಯಿ ನಂಬೋದಿಲ್ಲ ಅಂದರು."

ದೊಡ್ಡವಳು ಅಜ್ಜಿಯನ್ನೇ ನೋಡುತ್ತಿದ್ದಳು. "ಹೋಗಿದೆ ಅಂದ ಮೇಲೂ ಕೇಳಿದೆಯಾ?"

"ಕೇಳಿದೆ."

"ಸಾಲಿನ ತುದಿಗೆ ಕಳಿಸಲಿಲ್ಲವಾ?"

"ಕುರ್ಚಿ ಕೊಟ್ಟರು ಕಣೇ."

ದೊಡ್ಡವಳು ಅಜ್ಜಿಯ ತಟ್ಟೆಯಿಂದ ಒಂದು ಆಲೂಗಡ್ಡೆ ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ಚಿಕ್ಕವಳಿದ್ದಾಗ ಹಾಗೆ ಕದಿಯುತ್ತಿದ್ದಳು. ಅಜ್ಜಿ ಅವಳ ಕೈಗೆ ಮೆಲ್ಲಗೆ ಒಂದು ಬಿಟ್ಟಳು.

"ಸಂಜೆ ತರಗತಿ ಬಿಡೋದು ಎಷ್ಟು ಹೊತ್ತಿಗೆ?" ಮಗ ಬ್ರೆಡ್ಡು ನೋಡುತ್ತ ಕೇಳಿದ.

"ಒಂಬತ್ತಕ್ಕೆ," ಅಂದಳು ಸೊಸೆ, ಗಂಡನ ಮುಖ ನೋಡುತ್ತ.

"ನನ್ನ ಪಾಳಿ ಮುಗಿಯೋದೂ ಆಗಲೇ. ನಮ್ಮ ಬಸ್ಸು ಹೋಗೋದೂ ಆ ಕಾಲೇಜಿನ ಮುಂದೇನೇ."

"ಕರಕೊಂಡು ಬರ್ತೀಯಾ ಅಪ್ಪ?"

"ಕರಕೊಂಡು ಬರೋಕೆ ನೀನೇನು ಚಿಕ್ಕ ಮಗುವಾ? ಅದೇ ಬಸ್ಸಲ್ಲಿ ನಾನೂ ಇರ್ತೀನಿ ಅಂದೆ, ಅಷ್ಟೆ." ಬ್ರೆಡ್ಡಿನ ಒಂದು ತುಂಡು ಮುರಿದುಕೊಂಡು, "ಆ ಗ್ರೀಸು ಬಿಸಿನೀರಿಗೆ ಹೋಗೋದಿಲ್ಲ. ನಮ್ಮಲ್ಲಿ ಒಂದು ಸಾಬೂನು ಇದೆ. ತರ್ತೀನಿ" ಅಂದ.

ಹೀಗೆ ಮನೆಯ ದಿನಚರಿ ಬದಲಾಯಿತು. ಮೊದಮೊದಲು ಎಡವಟ್ಟುಗಳೇ. ಮಗ ಒಬ್ಬನೇ ಸರ್ಕಾರಿ ಕಚೇರಿಗೆ ಹೋಗಿ, ಮೂರನೆಯ ಕಿಟಕಿಯಲ್ಲಿ ಕೊಡಬೇಕಾದ ಕಾಗದವನ್ನು ಐದನೆಯದರಲ್ಲಿ ಕೊಟ್ಟು ಬಂದ. ಸೊಸೆ ಔಷಧದ ಅಂಗಡಿಯಲ್ಲಿ ಕೆಮ್ಮನ್ನು ಕೆಮ್ಮಿಯೇ ತೋರಿಸಿದಳು. ಅಂಗಡಿಯವನು ಹೆದರಿ ಹಿಂದೆ ಸರಿದನಂತೆ. ಕಾಲೇಜಿನಲ್ಲಿ ಮನೆಯವರಿಗೂ ಶನಿವಾರ ಭಾಷೆ ಪಾಠ ಇದೆ ಎಂದು ತಿಳಿದ ಮೇಲೆ ಅವಳೂ ಹೋಗತೊಡಗಿದಳು, ಮರಳಿ ಬಂದು ಅಡಿಗೆ ಮಾಡುತ್ತ ಪಾಠ ಗುನುಗುತ್ತಿದ್ದಳು. ಅನ್ನ ಎರಡು ಸಲ ತಳ ಹಿಡಿಯಿತು. ಯಾರೂ ದೂರಲಿಲ್ಲ. ದೊಡ್ಡವಳು ಅಪ್ಪನ ಜೊತೆ ಬಸ್ಸಿಳಿದು ಬರುವಾಗ ಇಬ್ಬರೂ ಮೆಟ್ಟಿಲಲ್ಲೇ ಏನೋ ವಾದಿಸುತ್ತ ಬರುತ್ತಿದ್ದರು.

"ಅಷ್ಟು ತೂಕ ಎಳೆಯೋಕೆ ಆ ಹಗ್ಗ ಸಾಕಾಗಲ್ಲ ಕಣೇ."

"ಆ ಕಡೆ ಇನ್ನೊಂದು ತೂಕ ನೇತುಹಾಕಿರ್ತಾರೆ ಅಪ್ಪ, ತಕ್ಕಡಿ ಥರ."

"ಹಂಗೆ ಹೇಳು ಮತ್ತೆ!"

ಬಾಗಿಲಿನಲ್ಲಿ ಟಕ್ ಟಕ್, ತಡೆದು ಟಕ್.

ಚಳಿ ಕಡಿಮೆಯಾಗುತ್ತಿದ್ದ ಒಂದು ಬೆಳಿಗ್ಗೆ ಅಜ್ಜಿ ತರಕಾರಿ ತೆಗೆದುಕೊಂಡು ಲಿಫ್ಟು ಹತ್ತಿದಳು. ಮೂರನೆಯ ಮಹಡಿ ದಾಟಿದ ಮೇಲೆ ಅದು ಒಂದು ಸಲ ಬಿಕ್ಕಿ ನಿಂತೇಬಿಟ್ಟಿತು. ದೀಪ ಮಂಕಾಯಿತು. ಅಜ್ಜಿ ಗೋಡೆಯ ಗುಂಡಿ ಒತ್ತಿದಳು. ಡಬ್ಬಿಯೊಳಗಿಂದ ದನಿ ಬಂತು.

"ನಮಸ್ಕಾರ. ಏನಾದರೂ ಸಹಾಯ ಬೇಕಾ?"

ಅಜ್ಜಿ ಡಬ್ಬಿಯ ತೂತುಗಳನ್ನೇ ಮುಖವೆಂದು ತಿಳಿದು, ತಲೆ ಎತ್ತಿ ನೋಡಿದಳು.

"ಬೇಕು," ಅಂದಳು.

"ಒಳಗೆ ಎಷ್ಟು ಜನ ಇದ್ದೀರಿ?"

"ಒಬ್ಬಳು. ಮತ್ತೆ ಬೀನ್ಸ್."

"ಜನ ಹತ್ತಿರದಲ್ಲೇ ಇದ್ದಾರೆ, ಬರ್ತಾರೆ. ಹೆದರಬೇಡಿ."

"ಹೆದರಿಕೆ ಇಲ್ಲ. ಬೇಗ ಬೇಕು," ಅಂದಳು ಅಜ್ಜಿ.

ಆಮೇಲೆ ಚೀಲದ ಮೇಲೆ ಕೂತು ಒಂದು ಹುರುಳಿಕಾಯಿ ಎತ್ತಿಕೊಂಡು, ತುದಿ ಮುರಿದು, ನಾರು ಎಳೆದಳು. ಅರ್ಧ ಮುಗಿಯುವಷ್ಟರಲ್ಲಿ ಮೇಲೆಲ್ಲೋ ಬಾಗಿಲು ಸರಿದ ಸದ್ದಾಯಿತು, ಬೂಟಿನ ಸದ್ದು, ಮೇಷ್ಟ್ರು ಯಾರಿಗೋ ನಿಧಾನ, ನಿಧಾನ ಅಂದದ್ದು. ಲಿಫ್ಟು ಹಗುರವಾಗಿ ನಡುಗಿತು, ಚಾವಣಿಯ ಮೇಲೆ ಯಾರೋ ಇಳಿದ ಹಾಗೆ. ಅಜ್ಜಿಯ ನೆತ್ತಿಯ ಮೇಲೆ, ತಗಡಿಗೆ, ಟಕ್ ಟಕ್, ತಡೆದು ಟಕ್.

ಅಜ್ಜಿ ಹುರುಳಿಕಾಯಿ ಕೆಳಗಿಟ್ಟಳು. ಕಾಲಿನ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು ಲಿಫ್ಟಿನ ಗೋಡೆಗೆ ಬಡಿದಳು. ಎರಡು. ಆಮೇಲೆ ಒಂದು.